ಕಳಸದ ದಾರಿಯಲ್ಲಿ ಆ ದನಿ

ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಕೆಟ್ಟ ಕಾಫಿ ಕುಡಿದೆ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಬಾಬಾ ಬುಡನ್ ಯೆಮನ್‌ನಿಂದ 7 ಬೀಜ ತಂದು ನೆಟ್ಟರೆಂಬ ಗಿರಿ ಎದುರಿಗೇ ಇದೆ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಪಕ್ಕದಲ್ಲಿದೆ. ಸುತ್ತ ಎಲ್ಲಿ ನೋಡಿದರೂ ತೋಟ. ಆದರೆ ನನ್ನ ಲೋಟದಲ್ಲಿದ್ದದ್ದು ಬರೀ ಚಿಕೋರಿ ಮತ್ತು ಸಕ್ಕರೆ! "ಒಳ್ಳೇದೆಲ್ಲ ಫಾರಿನ್ನಿಗೆ ಹೋಗ್ತದೆ ಸಾರ್, ನಮಗೆ ಇಷ್ಟೇ" ಎಂದು ಪಕ್ಕದವರು ನಕ್ಕರು. ನಾನೂ ನಕ್ಕು ಮೂಡಿಗೆರೆ ಬಸ್ ಹತ್ತಿದೆ.

ಕಳೆದ ಮಾರ್ಚ್ ತಿಂಗಳ ಮಾತು ಇದು. ಹೂಮಳೆ ಬಿದ್ದು ಎಂಟೊಂಬತ್ತು ದಿನವಾಗಿತ್ತು. ಕಾಫಿ ಹೂವು ಕಂಡಿಲ್ಲದ ಓದುಗರಿಗೆ ಒಂದು ಮಾತು: ಈ ಹೂವು ತಿಂಗಳುಗಟ್ಟಲೆ ಇರುವುದಿಲ್ಲ. ಮಳೆ ಬಿದ್ದ ವಾರ-ಹತ್ತು ದಿನಕ್ಕೆ ಇಡೀ ಗುಡ್ಡ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ ರಸ್ತೆಗೆ ಬಂದು ನಿಲ್ಲುತ್ತದೆ, ಮೂರು ನಾಲ್ಕು ದಿನಕ್ಕೆ ಎಲ್ಲ ಮುಗಿದುಹೋಗುತ್ತದೆ. ಹೂಮಳೆ ಕೈಕೊಟ್ಟರೆ ಆ ವರ್ಷದ ಫಸಲೂ ಕೈಕೊಟ್ಟಂತೆ. ಹಾಗಾಗಿ ಬಸ್ಸಿನೊಳಗಿನ ಮಾತೆಲ್ಲ ಅದೇ. ಯಾರ ತೋಟಕ್ಕೆ ಎಷ್ಟು ಸೆಂಟ್ಸ್ ಬಿತ್ತು, ಯಾರಿಗೆ ಬೀಳಲಿಲ್ಲ, ಯಾರು ಸ್ಪ್ರಿಂಕ್ಲರ್ ಹಾಕಿಸಿದರು...

ನಾನು ಹೊರಟದ್ದು ಹೂವು ನೋಡಲಿಕ್ಕಲ್ಲ. ದೊಡ್ಡಮ್ಮನನ್ನು ನೋಡಲಿಕ್ಕೆ. ಕಳಸದ ಹತ್ತಿರ ಮಗನ ಮನೆಯಲ್ಲಿದ್ದಾಳೆ. ವಯಸ್ಸು ಎಂಬತ್ತು ದಾಟಿದೆ. ಸಕ್ಕರೆ ಕಾಯಿಲೆ ಎರಡೂ ಕಣ್ಣನ್ನು ತಿಂದುಹಾಕಿದೆ. ಅವಳಿಗೂ ನನಗೂ ನಡುವೆ ಒಂದು ಸಿನಿಮಾದ ಲೆಕ್ಕ ಬಾಕಿ ಇತ್ತು.

ಬಸ್ಸಿನಲ್ಲೇ ಸಿಕ್ಕಿತು ದನಿ

ಮೂಡಿಗೆರೆಗೆ 30 ಕಿಲೋಮೀಟರ್. ಪೂರ್ಣಚಂದ್ರ ತೇಜಸ್ವಿಯವರು ಬದುಕಿ, ಬರೆದು, 2007ರಲ್ಲಿ ತೀರಿಕೊಂಡ ಸೀಮೆ ಇದು. ಚಿತ್ರರಂಗದ ನಮಗೂ ಈ ಊರಿನ ಋಣವಿದೆ. ಅವರ ಕಥೆಯಿಂದ ಗಿರೀಶ್ ಕಾಸರವಳ್ಳಿ ತೆಗೆದ 'ತಬರನ ಕಥೆ'ಗೆ 1986ರ ಸಾಲಿನ ಸ್ವರ್ಣಕಮಲ ಬಂತು. ಮೂಡಿಗೆರೆಯಲ್ಲಿ ಇಳಿದು ಕಳಸದ ಬಸ್ಸಿಗೆ ಕಾದೆ. ಮೊದಲಾದರೆ ಕೊಪ್ಪದ ಸಹಕಾರ ಸಾರಿಗೆ ಬಸ್ಸುಗಳು ಈ ಕಡೆಯ ಮೂಲೆಮೂಲೆಗೂ ಓಡುತ್ತಿದ್ದವು. ಕೆಲಸಗಾರರೇ ಮಾಲೀಕರಾಗಿ ನಡೆಸಿದ ಆ ಬಸ್ಸುಗಳು 2020ರಲ್ಲಿ ನಿಂತವು. ಈಗ ಸಿಕ್ಕಿದ ಬಸ್ಸು.

ಬಸ್ಸು ಹೊರಟಿತು. ಡ್ರೈವರ್ ಮಹಾಶಯ ಹಾಡು ಹಾಕಿದ. ನಾಲ್ಕನೆಯದೋ ಐದನೆಯದೋ 'ನನ್ನ ಪ್ರೀತಿಯ ಹುಡುಗಿ' ಚಿತ್ರದ ಆ ಕಾರಿನ ಹಾಡು. ಹಿಂದಿನ ಸೀಟಿನ ಕಾಲೇಜು ಹುಡುಗರು ಸೀಟಿಗೆ ತಾಳ ಹಾಕಿ ಕುಣಿಯತೊಡಗಿದರು. ನಾನು ತಿರುಗಿ ಕೇಳಿದೆ, "ಯಾರು ಹಾಡಿದ್ದು ಗೊತ್ತಾ?"

"ಗೊತ್ತಿಲ್ಲ ಅಂಕಲ್. ಯಾರೋ ಹಳ್ಳಿ ಹೆಂಗಸು ಇರಬೇಕು!"

ಹಾಡಿದಾಕೆ ಹಳ್ಳಿ ಹೆಂಗಸಲ್ಲ. ಬಿ. ಜಯಶ್ರೀ. ಬೆಂಗಳೂರಲ್ಲಿ 1950ರಲ್ಲಿ ಹುಟ್ಟಿದವರು. ಆ ಚಿತ್ರ ಬಂದದ್ದು 2001ರಲ್ಲಿ, ಅಂದರೆ ಆಗ ಅವರಿಗೆ ಐವತ್ತು ದಾಟಿತ್ತು. ಗುಬ್ಬಿ ವೀರಣ್ಣನವರ ಮೊಮ್ಮಗಳು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಲ್ಕಾಜಿಯವರ ಕೈಕೆಳಗೆ ಕಲಿತು 1973ರಲ್ಲಿ ಹೊರಬಂದವರು. ಆದರೂ ಹುಡುಗ ಅಂದದ್ದರಲ್ಲಿ ತಪ್ಪೇನಿದೆ? ದೆಹಲಿಯಲ್ಲಿ ಓದಿದ ಕಲಾವಿದೆ ಬಸ್ಸಿನ ಹುಡುಗನ ಕಿವಿಗೆ ಹಳ್ಳಿ ಹೆಂಗಸಾಗಿ ಬಿದ್ದರು! ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಿತು. ಎಡಕ್ಕೆ ಇಳಿದರೆ ಚಾರ್ಮಾಡಿ ಘಾಟಿ, ನಮ್ಮದು ಕಳಸದ ದಾರಿ. ಬಿಸಿ ನೀರುದೋಸೆ ತಿಂದು ಹತ್ತಿದೆ. ಹೇಮಾವತಿ ಹುಟ್ಟುವ ಜಾವಳಿ ಕಡೆಯ ಗುಡ್ಡಗಳು ಬಂದಂತೆ ಮನಸ್ಸು ಹಿಂದಕ್ಕೆ ಓಡಿತು.

1986ರ ಬೇಸಿಗೆ

ಆಗ ನನಗೆ ಹದಿನೆಂಟು. ದೊಡ್ಡಪ್ಪ ಕಳಸದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರು. ಲೈನ್ ಮನೆಗಳಿಂದ ಸ್ವಲ್ಪ ಮೇಲಕ್ಕೆ ಹೆಂಚಿನ ಮನೆ. ಕಳಸ ಆಗ ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ಒಂದು ತಾಲ್ಲೂಕು. ಮಳೆಗಾಲದಲ್ಲಿ ಅಲ್ಲಿ ಮನರಂಜನೆ ಎಂದರೆ ರೇಡಿಯೋ ಒಂದೇ. ಭದ್ರಾವತಿ ಆಕಾಶವಾಣಿ ಹಿಡಿಯಬೇಕಾದರೆ ಕಿಟಕಿಯ ಸರಳಿಗೆ ತಂತಿ ಕಟ್ಟಬೇಕು. ರೇಡಿಯೋದಲ್ಲಿ ಸಿನಿಮಾದ ಮಾತುಗಳು ಬಂದರೆ ದೊಡ್ಡಮ್ಮ ಒಲೆಯ ಮೇಲಿನ ಕಡುಬನ್ನೂ ಮರೆಯುವಳು. ಮುಖ ಕಾಣದಿದ್ದರೇನು, ಅವಳಿಗೆ ದನಿಯೇ ಸಾಕು.

ಬೇಸಿಗೆಯಲ್ಲಿ ಮಾತ್ರ ಟೆಂಟ್ ಸಿನಿಮಾ. ಆ ವರ್ಷ ದೊಡ್ಡಮ್ಮನನ್ನು ಕರೆದುಕೊಂಡು ಹೋದವನು ನಾನೇ. ಚಿತ್ರದ ಹೆಸರನ್ನೂ ನಾಯಕಿಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅದು ದೊಡ್ಡಮ್ಮನ ಸ್ವಂತ ಆಸ್ತಿ. ನಾಯಕಿ ಪರಭಾಷೆಯ ದೊಡ್ಡ ತಾರೆ ಎಂದರೆ ಸಾಕು. ಮಗು ಕಳೆದುಕೊಂಡ ತಾಯಿಯ ದೃಶ್ಯ ಬಂತು. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು. ಒಂದು ರೀಲು ಮುಗಿಯಿತು, ಇನ್ನೊಂದು ಮುಗಿಯಿತು, ಅಳು ಮುಗಿಯಲಿಲ್ಲ. ಅಕ್ಕಪಕ್ಕದವರು ತಿರುಗಿ ನೋಡಿದರು. ನನಗೆ ನಾಚಿಕೆ!

ಹಿಂದಿನ ಮಳೆಗಾಲದಲ್ಲಿ ಅವಳ ಏಳು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಿತ್ತು. ಹೊಳೆ ತುಂಬಿ ರಸ್ತೆ ಕಟ್ಟಿಹೋಗಿತ್ತು, ಆಸ್ಪತ್ರೆ ಮುಟ್ಟಲಾಗಲಿಲ್ಲ. ಆಗ ದೊಡ್ಡಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲವಂತೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅರ್ಥವಾಗದ ವಯಸ್ಸು.

ಎರಡು ದಿನ ಬಿಟ್ಟು ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಇಂಥದೇ ಒಂದು ಸಿನಿಮಾ ವಾರಪತ್ರಿಕೆ ಕೊಂಡೆ. ಅದರಲ್ಲಿತ್ತು ಸುದ್ದಿ. ನಮ್ಮ ನಾಯಕಿಗೆ ಕನ್ನಡದ ಗಂಧವಿಲ್ಲ, ಮಾತಾಡಿದ್ದು ಬೇರೆಯವರು, ಅವರ ಹೆಸರು ಬಿ. ಜಯಶ್ರೀ! ಓಡಿ ಬಂದು ದೊಡ್ಡಮ್ಮನಿಗೆ ಓದಿ ಹೇಳಿದೆ. ಎಂಥ ಜಾಣ ನಾನು! "ನೋಡು, ನೀನು ಸುಮ್ಮನೆ ಅತ್ತೆ. ಅವಳ ದನಿಯೇ ಅಲ್ಲ ಅದು."

ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು. "ಹಾಗಾದ್ರೆ ನಾನು ಅತ್ತಿದ್ದು ಯಾರಿಗೆ ಮಾರಾಯ?" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ಸಿನಿಮಾಕ್ಕೂ ಬರಲಿಲ್ಲ.

ಬೇರೆಯವರ ಬಾಯಿಗೆ ಮಾತು

ಮುಂದೆ ನಾನೇ ಸಿನಿಮಾ ಬರೆಯುವವನಾದೆ. ಡಬ್ಬಿಂಗ್ ಥಿಯೇಟರಿನ ಕತ್ತಲಲ್ಲಿ ಕೂತು ನೋಡಿದ ಮೇಲೆ ನನ್ನ ಜಾಣತನ ಇಳಿಯಿತು. ಆ ಕಾಲದಲ್ಲಿ ಚಿತ್ರವನ್ನು ತುಂಡುತುಂಡಾಗಿ ಕತ್ತರಿಸಿ ಸುರುಳಿ ಕಟ್ಟುತ್ತಿದ್ದರು. ಒಂದೇ ತುಂಡು ಪರದೆಯ ಮೇಲೆ ಸುತ್ತಿಸುತ್ತಿ ಬರುವುದು. ತಾರೆಯ ತುಟಿ ಮುಚ್ಚಿದಾಗ ಇವರ ಪ, ಬ, ಮ ಬೀಳಬೇಕು. ತುಟಿ ತೆರೆದಿರುವಾಗ ಬಿದ್ದರೆ ಮತ್ತೆ ಮೊದಲಿಂದ. ಅಲ್ಲಿ ಅತ್ತವಳ ಉಸಿರನ್ನು ಇಲ್ಲಿ ಇವರು ಎಳೆಯಬೇಕು. ಎದುರಿಗೆ ನಾಯಕನಿಲ್ಲ, ಮಗುವಿಲ್ಲ, ಮೈಕೊಂದೇ. ಮೇಕಪ್ಪಿಲ್ಲ, ಚಪ್ಪಾಳೆಯಿಲ್ಲ. ಪೋಸ್ಟರಿನಲ್ಲಿ ಇನ್ನೊಬ್ಬರ ಮುಖ.

ಮಾಧವಿ, ಜಯಪ್ರದಾ, ಅಂಬಿಕಾ, ಸುಮಲತಾ... ಕನ್ನಡದ ಪ್ರೇಕ್ಷಕ ಮನೆಮಗಳೆಂದು ಒಪ್ಪಿಕೊಂಡ ಈ ತಾರೆಯರಿಗೆಲ್ಲ ಜಯಶ್ರೀ ಕಂಠ ಕೊಟ್ಟಿದ್ದಾರೆ. ಮುಖ ಬೇರೆ ಬೇರೆ, ಗಂಟಲು ಒಂದೇ. ಆದರೂ ಒಬ್ಬಳು ಇನ್ನೊಬ್ಬಳಂತೆ ಕೇಳಿಸಲಿಲ್ಲ. ಇದು ಎಲ್ಲಿಂದ ಬಂತು?

ಗುಬ್ಬಿ ಕಂಪನಿಯಿಂದ ಬಂತು ಎನ್ನದೆ ವಿಧಿಯಿಲ್ಲ. 1884ರಲ್ಲಿ ಹುಟ್ಟಿದ ಕಂಪನಿ ಅದು. ತಾಯಿ ಜಿ.ವಿ. ಮಾಲತಮ್ಮ ಅಲ್ಲಿಯ ನಟಿ. ಮಗಳು ಎಳೆ ವಯಸ್ಸಿಗೇ ರಂಗ ಹತ್ತಿದಳು. ಕಂಪನಿ ನಾಟಕದಲ್ಲಿ ದನಿ ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಮುಟ್ಟಬೇಕು. ಮಾತು, ಹಾಡು, ಕುಣಿತ ಒಂದೇ ಉಸಿರಿನಲ್ಲಿ ಸಾಗಬೇಕು. ಅದರ ಮೇಲೆ ದೆಹಲಿಯ ಶಿಸ್ತು ಬಂತು, ಬಿ.ವಿ. ಕಾರಂತರ ಒಡನಾಟ ಬಂತು. 1976ರಲ್ಲಿ ತಮ್ಮದೇ 'ಸ್ಪಂದನ' ತಂಡ ಕಟ್ಟಿದರು. 'ಲಕ್ಷಾಪತಿ ರಾಜನ ಕಥೆ', ಕಂಬಾರರ ಕಾದಂಬರಿಯಿಂದ ಬಂದ 'ಕರಿಮಾಯಿ'... ಈ ನಾಟಕಗಳನ್ನು ಕಂಡವರಿಗೆ ಗೊತ್ತು, ಜಯಶ್ರೀ ಹಾಡು ಎತ್ತಿದರೆ ರಂಗಮಂದಿರಕ್ಕೆ ಮೈಕು ದಂಡ!

ರಂಗದ ಮೇಲೆ ಸಾವಿರ ಜನಕ್ಕೆ ಕೂಗಿದ ಗಂಟಲೇ ಡಬ್ಬಿಂಗ್ ಕೋಣೆಯಲ್ಲಿ ಮೈಕಿನ ಕಿವಿಗೆ ಪಿಸುಗುಟ್ಟಿತು. ಇವೆರಡೂ ಬರುವ ಕಲಾವಿದರು ಎಷ್ಟು ಜನ ಸಿಕ್ಕಾರು, ನೀವೇ ಹೇಳಿ.

ಗೌರವಗಳು ಬಂದವು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ. ಆದರೆ ಟೆಂಟಿನ ಕತ್ತಲಲ್ಲಿ ಅವರ ಮಾತು ಕೇಳಿ ಅತ್ತವರು ಆ ಕಣ್ಣೀರನ್ನೆಲ್ಲ ಬೇರೆಯವರ ಹೆಸರಿಗೆ ಜಮಾ ಮಾಡಿದರಲ್ಲ, ಆ ಲೆಕ್ಕ ಯಾವ ಅಕಾಡೆಮಿಯಲ್ಲೂ ಸಿಕ್ಕುವುದಿಲ್ಲ.

"ಅವಳೇ ಅಲ್ವನಾ?"

ಕಳಸ ಬಂದಾಗ ಮಧ್ಯಾಹ್ನ ಎರಡು. ಕಳಸೇಶ್ವರನ ಮೆಟ್ಟಿಲಿಗೆ ಕೈಮುಗಿದು, ಭದ್ರಾ ಹೊಳೆ ದಾಟಿ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಕೂತಿದ್ದಳು. ಚಪ್ಪಲಿ ಸದ್ದಿಗೇ, "ಬಂದ್ಯಾ? ಬಲಗಾಲು ಎಳೀತಿದ್ದೀಯಲ್ಲ, ಎಂತ ಆಯ್ತು?" ಎಂದಳು. ನನ್ನ ಮಂಡಿನೋವು ಮನೆಯವರಿಗೂ ಹೇಳಿರಲಿಲ್ಲ!

"ಹೂವು ಆಗಿದೆ ಅಲ್ಲಾ ಮಗಾ? ರಾತ್ರಿ ವಾಸನೆ ಜಾಸ್ತಿ. ಈ ಬುಡದಲ್ಲಿ ಬಿಟ್ಟಿದೆ, ಆಚೆ ಧರೆ ಮೇಲಿಂದು ನಾಳೆ ಬಿಡ್ತದೆ" ಎಂದು ಕಣ್ಣಿದ್ದವರಿಗಿಂತ ಸರಿಯಾಗಿ ತೋರಿಸಿದಳು.

ಕಾಫಿ ಬಂತು. ಇದು ನಿಜವಾದ ಕಾಫಿ, ಬೆಲ್ಲದ್ದು. ಕುಡಿದು ಲೋಟ ಇಟ್ಟ ಮೇಲೆ ಮೊಬೈಲಿನಲ್ಲಿ 'ನಾಗಮಂಡಲ' ಹಾಕಿದೆ. ಕಾರ್ನಾಡರ ನಾಟಕ, 1997ರಲ್ಲಿ ನಾಗಾಭರಣ ತೆರೆಗೆ ತಂದ ಚಿತ್ರ. ಅದರಲ್ಲಿ ಕುರುಡವ್ವನ ಪಾತ್ರ ಜಯಶ್ರೀಯವರದು. ಇಲ್ಲಿ ಮುಖವೂ ಅವರದೇ, ದನಿಯೂ ಅವರದೇ. ನಾನು ಹೆಸರು ಹೇಳಲಿಲ್ಲ, ಏನೂ ಹೇಳಲಿಲ್ಲ. ಕುರುಡವ್ವನ ಮಾತು ಬರುವ ಕಡೆ ಹಿಡಿದು ಅವಳ ಕೈಗೆ ಕೊಟ್ಟೆ.

ಎರಡು ಮಾತು ಬಂದಿರಬೇಕು. ದೊಡ್ಡಮ್ಮ ಕತ್ತು ಓರೆ ಮಾಡಿದಳು.

"ಅವಳೇ ಅಲ್ವನಾ?"

"ಯಾರು ದೊಡ್ಡಮ್ಮ?"

"ಅವತ್ತು ಟೆಂಟಲ್ಲಿ ಮಾತಾಡಿದವಳು. ಮುದುಕಿ ಆಗಿದಾಳೆ. ಆದ್ರೂ ಅವಳೇ."

ನನ್ನ ಗಂಟಲು ಕಟ್ಟಿತು. ಸುಮಾರು ನಲವತ್ತು ವರ್ಷ! ಆಮೇಲೆ ಅವಳು ಎಷ್ಟೋ ಹೊತ್ತು ಕೇಳುತ್ತಲೇ ಕೂತಳು. "ಕಣ್ಣಿಲ್ಲದವಳ ಪಾತ್ರವಾ ಇದು?" ಎಂದು ತಾನೇ ಕೇಳಿದಳು. ಹೌದು ಎಂದೆ. "ಅದಕ್ಕೇ ಮತ್ತೆ. ಎದುರಿಗೆ ಯಾರಿದಾರೆ ಅಂತ ಮಾತಲ್ಲೇ ತಡವಿ ನೋಡ್ತಾಳೆ. ನಾವು ಹಾಗೇ ಮಾಡೋದು."

ಗುಬ್ಬಿ ವೀರಣ್ಣನವರ ಮೊಮ್ಮಗಳು ಎಂದು ಹೇಳಿದೆ. "ಹಾಗೆ ಹೇಳು ಮತ್ತೆ!" ಎಂದು ತೊಡೆ ತಟ್ಟಿದಳು.

ಧೈರ್ಯ ಮಾಡಿ ಆ ಹಳೆಯ ಮಾತು ತೆಗೆದೆ. ಅವತ್ತು ಹಾಗೆ ಹೇಳಬಾರದಿತ್ತು, ತಪ್ಪಾಯಿತು ಎಂದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನೀನು ಹೇಳಿದ್ದಕ್ಕೆ ಬೇಜಾರಾಗಿದ್ದು ಹೌದು. ಸಿನಿಮಾಕ್ಕೆ ಬರದೇ ಇದ್ದಿದ್ದು ಅದಕ್ಕಲ್ಲ ಮಾರಾಯ. ಇನ್ನೊಂದು ಸಲ ಆ ದನಿ ಕೇಳಿದ್ರೆ ತಡ್ಕೊಳ್ತೀನೋ ಇಲ್ವೋ ಅಂತ ಹೆದರಿಕೆ. ನಾನು ಅತ್ತಿದ್ದು ನನ್ನ ಮಗಳಿಗೆ. ಆ ಪರದೆ ಮೇಲಿನವಳಿಗೆ ಅಲ್ಲ. ನಂಗೆ ಅಳು ಬರ್ತಿರ್ಲಿಲ್ಲ, ಇವಳು ತರಿಸಿದ್ಲು. ಯಾರು ತರಿಸಿದ್ರು ಅಂತ ಹೆಸರು ಗೊತ್ತಾಗಿದ್ದು ಒಳ್ಳೇದೇ ಆಯ್ತು."

ಮೊಮ್ಮಗನನ್ನು ಕರೆದು, "ಇದನ್ನ ನಮ್ಮ ಮೊಬೈಲಿಗೆ ಹಾಕಿಸ್ಕೊ" ಎಂದಳು. ಅಷ್ಟರಲ್ಲಿ ಸಂಜೆಯ ಬಸ್ಸಿನ ಹೊತ್ತಾಯಿತು. ಅಕ್ಕಿರೊಟ್ಟಿ ಕಟ್ಟಿಕೊಟ್ಟರು, ಒಂದು ಸಣ್ಣ ಚೀಲದಲ್ಲಿ ಕಾಫಿಪುಡಿಯೂ ಬಂತು. ಮೆಟ್ಟಿಲಿಳಿಯುವಾಗ ದೊಡ್ಡಮ್ಮ ಹಿಂದಿನಿಂದ ಕೂಗಿದಳು, "ಪೇಪರಲ್ಲಿ ಬರೀತಿಯಲ್ಲ, ಅವಳ ಹೆಸರು ಸರಿಯಾಗಿ ಬರಿ!"

ಬರೆದಿದ್ದೇನೆ ದೊಡ್ಡಮ್ಮ. ಬಿ. ಜಯಶ್ರೀ.