ಆಕ್ಸ್‌ಫರ್ಡಿನಿಂದ ತಂಗಿಗೆ: ಎರಡು ವಾರದ ಬೇಸಿಗೆ ಶಾಲೆ

ಆಕ್ಸ್‌ಫರ್ಡ್, ಜುಲೈ

ಪ್ರೀತಿಯ ತಂಗಿಗೆ,

ಮಗಳನ್ನು ಬರುವ ವರ್ಷ ಇಲ್ಲಿನ ಬೇಸಿಗೆ ಶಾಲೆಗೆ ಕಳಿಸಬೇಕೋ ಬೇಡವೋ ಎಂದು ಕೇಳಿದ್ದೀಯ. ಆ ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ತಕ್ಕ ಊರಿಲ್ಲ, ಇದಕ್ಕಿಂತ ತಕ್ಕ ತಿಂಗಳೂ ಇಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಂಟೆಂಟು ವಾರಗಳ ಮೂರು ಅವಧಿಗೆ ವರ್ಷದ ಪಾಠ ಮುಗಿಯುತ್ತದೆ. ಜೂನ್ ಕೊನೆಯ ಹೊತ್ತಿಗೆ ವಿದ್ಯಾರ್ಥಿಗಳು ಊರಿಗೆ ಹೊರಡುತ್ತಾರೆ, ಖಾಲಿಯಾದ ಕೋಣೆಗಳನ್ನೂ ಊಟದ ಹಾಲ್‌ಗಳನ್ನೂ ಕಾಲೇಜುಗಳು ಬಾಡಿಗೆಗೆ ಕೊಡುತ್ತವೆ. ಹಾಗಾಗಿ ಈಗ ಬ್ರಾಡ್ ಸ್ಟ್ರೀಟಿನಲ್ಲಿ, 1749ರಲ್ಲಿ ಕಟ್ಟಿ ಮುಗಿಸಿದ ರ‍್ಯಾಡ್‌ಕ್ಲಿಫ್ ಕ್ಯಾಮೆರಾದ ಗುಮ್ಮಟದ ಸುತ್ತ, ಎಲ್ಲಿ ನೋಡಿದರೂ ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡ ಹದಿಹರೆಯದ ಮಕ್ಕಳ ಗುಂಪುಗಳು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಳಿಸಬಹುದು, ಆದರೆ ಆಕ್ಸ್‌ಫರ್ಡ್ ಎಂಬ ಹೆಸರಿಗಾಗಿ ಬೇಡ. ಮನೆಯವರಿಲ್ಲದ ಜಾಗದಲ್ಲಿ, ಗುರುತಿಲ್ಲದ ಮಕ್ಕಳ ನಡುವೆ ತನ್ನ ಕೆಲಸ ತಾನು ಮಾಡಿಕೊಂಡು, ತನ್ನ ಮಾತು ತಾನು ಆಡಿಕೊಂಡು ಬದುಕುವುದನ್ನು ಅವಳು ಕಲಿಯುವಂತಿದ್ದರೆ ಮಾತ್ರ ಕಳಿಸು. ಆ ಕಲಿಕೆ ಕಾರ್ಯಕ್ರಮವನ್ನು ಹೇಗೆ ರೂಪಿಸಿದ್ದಾರೆ ಎಂಬುದರಿಂದ ಬರುತ್ತದೆ, ಊರಿನ ಕೀರ್ತಿಯಿಂದ ಬರುವುದಿಲ್ಲ.

ಹೆಸರಿನ ವಿಚಾರವನ್ನೇ ಮೊದಲು ತೆಗೆದುಕೋ. ಇಲ್ಲಿ ನಡೆಯುವ ಬೇಸಿಗೆ ಕಾರ್ಯಕ್ರಮಗಳಲ್ಲಿ ಬಹಳಷ್ಟನ್ನು ನಡೆಸುವುದು ಖಾಸಗಿ ಸಂಸ್ಥೆಗಳು. ಕಟ್ಟಡ ಕಾಲೇಜಿನದು, ಪಾಠ ಸಂಸ್ಥೆಯದು, ಕೊನೆಗೆ ಸಿಗುವ ಪ್ರಮಾಣಪತ್ರವೂ ಸಂಸ್ಥೆಯದೇ. ಹಣ ಕಟ್ಟಿ ಇಂಥದ್ದಕ್ಕೆ ಸೇರಿದರೆ ಮುಂದೆ ಪ್ರವೇಶ ಸುಲಭವಾಗುತ್ತದೆ ಎಂಬ ಆಸೆ ನಮ್ಮ ಕಡೆಯ ಅನೇಕ ತಂದೆತಾಯಿಗಳಿಗಿದೆ. ಆದರೆ ವಿಶ್ವವಿದ್ಯಾಲಯ ನೋಡುವುದು ಅಂಕಗಳನ್ನು, ಹಲವು ವಿಷಯಗಳಲ್ಲಿ ತಾನೇ ಗೊತ್ತುಪಡಿಸಿದ ಪ್ರವೇಶ ಪರೀಕ್ಷೆಯನ್ನು, ಡಿಸೆಂಬರಿನ ಸಂದರ್ಶನವನ್ನು. ಗಿರೀಶ ಕಾರ್ನಾಡರ ಉದಾಹರಣೆ ಕೊಡುವವರೂ ಇದ್ದಾರೆ. ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಪದವಿ ಮುಗಿಸಿ, ರೋಡ್ಸ್ ವಿದ್ಯಾರ್ಥಿವೇತನ ಗೆದ್ದು 1960ರಲ್ಲಿ ಇಲ್ಲಿಗೆ ಬಂದರು, ಮೂರು ವರ್ಷ ಓದಿದರು, ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾ ಸಂಘದ ಅಧ್ಯಕ್ಷರೂ ಆದರು. ಈ ಊರು ಅವರಿಗೆ ಕೊಟ್ಟದ್ದರ ಹಿಂದೆ ಮೂರು ವರ್ಷಗಳ ಓದು, ವಾದ, ಒಡನಾಟ ಇತ್ತು. ಹದಿನಾಲ್ಕರ ಹುಡುಗಿಯಿಂದ ಎರಡು ವಾರದಲ್ಲಿ ಅದನ್ನು ಬಯಸುವುದು ಅವಳಿಗೂ ಅನ್ಯಾಯ, ಊರಿಗೂ ಅನ್ಯಾಯ.

ಹಾಗಾದರೆ ಇಷ್ಟು ಕಡಿಮೆ ಅವಧಿಯಿಂದ ಏನೂ ಆಗುವುದಿಲ್ಲವೇ ಎಂದು ನೀನು ಕೇಳಬಹುದು. ಆಗುತ್ತದೆ, ಅದಕ್ಕೆ ಆಧಾರವೂ ಇದೆ. ಆಂಜೆಲ್ಸ್ ಯಾನೆಸ್ ಮತ್ತು ಕಾರ್ಮೆನ್ ಮುನ್ಯೋಸ್ ಎಂಬ ಸ್ಪೇನಿನ ಇಬ್ಬರು ಭಾಷಾವಿಜ್ಞಾನಿಗಳು ಮೂರು ನಾಲ್ಕು ವಾರ ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿದ್ದು ಬಂದ ಕಲಿಕೆದಾರರನ್ನು ಪರೀಕ್ಷಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೇಳಿ ಅರ್ಥಮಾಡಿಕೊಳ್ಳುವುದು, ತಡವರಿಸದೆ ಮಾತನಾಡುವುದು, ತಪ್ಪಿಲ್ಲದೆ ಮಾತನಾಡುವುದು ಮೂರೂ ಸುಧಾರಿಸಿದ್ದವು. ಭಾಷೆ ಕಡಿಮೆ ಬಲ್ಲವರಿಗೇ ಲಾಭ ಹೆಚ್ಚು ಸಿಕ್ಕಿತ್ತು. ಇದು ನಮಗೆ ಎರಡು ಸಂಗತಿ ಹೇಳುತ್ತದೆ. ಅವಧಿ ಚಿಕ್ಕದು ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ಸರಿಯಲ್ಲ. ಆದರೆ ಹತ್ತು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಬೆಂಗಳೂರಿನ ಹುಡುಗಿಗೆ ಭಾಷೆಯ ಲಾಭ ಅಷ್ಟಾಗಿ ಇರಲಾರದು. ಅವಳಿಗೆ ಸಿಗಬೇಕಾದ ಲಾಭವನ್ನು ಬೇರೆ ಕಡೆ ಹುಡುಕಬೇಕು.

ಆ ಲಾಭ ಅವಳ ಒಡನಾಡಿಗಳಲ್ಲಿದೆ. ಡೋರಿಸ್ ಆಲನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಯುದ್ಧ ಮುಗಿದ ಜಗತ್ತಿನಲ್ಲಿ ಶಾಂತಿಯ ಪಾಠ ಮಕ್ಕಳಿಂದಲೇ ಶುರುವಾಗಬೇಕೆಂದು ನಂಬಿ, 1951ರಲ್ಲಿ ಸಿನ್ಸಿನಾಟಿಯಲ್ಲಿ ಹನ್ನೊಂದು ವರ್ಷದ ಮಕ್ಕಳ ಅಂತರರಾಷ್ಟ್ರೀಯ ಶಿಬಿರವೊಂದನ್ನು ನಡೆಸಿದರು. ಸಿಐಎಸ್‌ವಿ ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಅಲ್ಲಿಗೆ ಒಂದೊಂದು ದೇಶದಿಂದ ಬರುವುದು ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ಜೊತೆಗೊಬ್ಬ ಹಿರಿಯರು, ಅಷ್ಟೇ. ತನ್ನ ದೇಶದ ಬೇರೆ ಮಕ್ಕಳು ಮೂವರೇ ಇರುವಾಗ ಮಗು ಬೇರೆಯವರ ಜೊತೆ ಬೆರೆಯಲೇಬೇಕು. ಈ ಲೆಕ್ಕದಿಂದ ನೋಡಿದರೆ, ನಮ್ಮ ಶಾಲೆಗಳೇ ನಲವತ್ತು ಮಕ್ಕಳನ್ನು ಒಂದೇ ಬಸ್ಸಿನಲ್ಲಿ ತುಂಬಿಸಿಕೊಂಡು ಬರುವ ಪ್ಯಾಕೇಜುಗಳ ಕೊರತೆ ತಾನಾಗಿ ಕಾಣುತ್ತದೆ. ಮಕ್ಕಳು ಕೋಣೆಯಲ್ಲಿ, ಊಟದ ಮೇಜಿನಲ್ಲಿ, ಬಸ್ಸಿನಲ್ಲಿ ತಮ್ಮ ತರಗತಿಯವರ ಜೊತೆಗೇ ಇರುತ್ತಾರೆ. ಊರು ಬದಲಾಗುತ್ತದೆ, ತರಗತಿ ಬದಲಾಗುವುದಿಲ್ಲ.

ಇನ್ನು ಹಣದ ಮಾತು. ಇದು ಉಳ್ಳವರ ಸೊತ್ತು ಎಂಬ ಆಕ್ಷೇಪ ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಬ್ರಿಟನ್ನಿನವರಿಗೂ ಈ ಅಸಮಾನತೆ ಕಂಡಿದೆ. ಸಟನ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ 1997ರಲ್ಲಿ ಆಕ್ಸ್‌ಫರ್ಡಿನಲ್ಲಿ ಉಚಿತ ಬೇಸಿಗೆ ಶಾಲೆ ಆರಂಭಿಸಿತು. 2010ರಿಂದ ವಿಶ್ವವಿದ್ಯಾಲಯವೇ ಯುನಿಕ್ ಎಂಬ ಉಚಿತ ಕಾರ್ಯಕ್ರಮ ನಡೆಸುತ್ತಿದೆ. ಅದು ಇಲ್ಲಿನ ಸರ್ಕಾರಿ ಹಣದಿಂದ ನಡೆಯುವ ಶಾಲೆಗಳ ಮಕ್ಕಳಿಗೆ ಮೀಸಲು, ನಮ್ಮ ಮಕ್ಕಳಿಗೆ ದಕ್ಕುವುದಲ್ಲ. ಆದರೂ ಶುಲ್ಕ ದೊಡ್ಡದಾದಷ್ಟೂ ಕಲಿಕೆ ದೊಡ್ಡದು ಎಂಬ ನಂಬಿಕೆ ಸುಳ್ಳೆಂಬುದನ್ನು ಅದು ತೋರಿಸಿಕೊಡುತ್ತದೆ. ಹಣದ ಜೊತೆಗೆ ಪಂಚಾಂಗವನ್ನೂ ನೋಡಬೇಕು. ನಮ್ಮ ರಾಜ್ಯದ ಬೇಸಿಗೆ ರಜೆ ಏಪ್ರಿಲ್–ಮೇ, ಇಲ್ಲಿಯದು ಜುಲೈ–ಆಗಸ್ಟ್. ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಿಗೆ ತೊಂದರೆಯಾಗದೇ ಇರಬಹುದು. ಉಳಿದವರ ಮಕ್ಕಳು ಹೊಸ ತರಗತಿಯ ಆರಂಭದ ಪಾಠಗಳನ್ನು ಬಿಟ್ಟು ಬರಬೇಕಾಗುತ್ತದೆ. ಆದ್ದರಿಂದ ಸಾಲ ಮಾಡಿ ಕಳಿಸುವವರಿಗೆ ಖಂಡಿತ ಬೇಡ ಎನ್ನುತ್ತೇನೆ. ಗುರುತಿಲ್ಲದವರ ನಡುವೆ ನಿಂತು ಮಾತನಾಡುವ ಧೈರ್ಯ ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲೂ ಬರುತ್ತದೆ, ಅದೂ ನಮ್ಮ ರಜೆಯಲ್ಲೇ.

ಮನೆಯಲ್ಲಿ ಅನುಕೂಲವಿದ್ದು, ಮಗಳಿಗೂ ನಿಜವಾಗಿ ಮನಸ್ಸಿದ್ದರೆ, ಕರಪತ್ರದ ಚಿತ್ರಗಳನ್ನು ಬದಿಗಿಟ್ಟು ಕೆಲವು ಪ್ರಶ್ನೆ ಕೇಳು. ಒಂದೇ ದೇಶದ ಮಕ್ಕಳು ಎಷ್ಟು ಮಂದಿ? ಕೋಣೆಯಲ್ಲಿ ಯಾರ ಜೊತೆ ಇರಿಸುತ್ತಾರೆ? ಒಂದು ತರಗತಿಗೆ ಎಷ್ಟು ಮಕ್ಕಳು? ಇಲ್ಲಿನ ಟ್ಯುಟೋರಿಯಲ್ ಎಂದರೆ ಒಬ್ಬ ಬೋಧಕರ ಎದುರು ಇಬ್ಬರು ಮೂವರು ಕುಳಿತು ತಾವು ಓದಿ ಬರೆದುದನ್ನು ಸಮರ್ಥಿಸಿಕೊಳ್ಳುವುದು. ಆ ಪದ್ಧತಿಯ ಹೆಸರು ಹೇಳುವವರು ಮಗುವಿನಿಂದ ಏನು ಬರೆಸುತ್ತಾರೆ, ಯಾರು ತಿದ್ದುತ್ತಾರೆ ಎಂದು ಹೇಳಬಲ್ಲವರಾಗಿರಬೇಕು. ಅಷ್ಟು ದೂರ ಒಬ್ಬಳನ್ನೇ ಹೇಗೆ ಕಳಿಸುವುದು ಎಂಬ ಅಮ್ಮನ ಭಯವೂ ಸಣ್ಣದಲ್ಲ. ಇಂಗ್ಲಿಷ್ ಕಲಿಸುವ ಸಂಸ್ಥೆಯಾದರೆ ಬ್ರಿಟಿಷ್ ಕೌನ್ಸಿಲ್ ಮಾನ್ಯತೆ ಇದೆಯೇ ನೋಡು. ಹದಿನೆಂಟರೊಳಗಿನವರ ರಕ್ಷಣೆ, ಮೇಲ್ವಿಚಾರಣೆ ಆ ತಪಾಸಣೆಯ ಭಾಗ. ಬೇರೆ ಸಂಸ್ಥೆಯಾದರೆ ರಾತ್ರಿ ಯಾರು ಜೊತೆಗಿರುತ್ತಾರೆ, ಜ್ವರ ಬಂದರೆ ಯಾರಿಗೆ ಹೇಳಬೇಕು ಎಂಬುದನ್ನು ಬರವಣಿಗೆಯಲ್ಲೇ ಪಡೆದುಕೋ.

ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕರೆ ಕಳಿಸು, ಕಾರ್ಯಕ್ರಮ ನಡೆಯುವುದು ಹೆಸರಿಲ್ಲದ ಪುಟ್ಟ ಊರಿನಲ್ಲಾದರೂ ಸರಿಯೇ. ಉತ್ತರ ಸಿಗದಿದ್ದರೆ ಆಕ್ಸ್‌ಫರ್ಡಿಗಾದರೂ ಕಳಿಸಬೇಡ. ಈ ಪತ್ರವನ್ನು ಮಗಳಿಗೂ ಓದಲು ಕೊಡು. ಆ ಪ್ರಶ್ನೆಗಳನ್ನು ಅವಳೇ ಬರೆದು ಸಂಸ್ಥೆಗೆ ಕಳಿಸಲಿ, ಬಂದ ಉತ್ತರವನ್ನು ಅವಳೇ ಅಳೆಯಲಿ. ಹೋಗುವವಳು ಅವಳಾದ್ದರಿಂದ ತೀರ್ಮಾನದಲ್ಲೂ ಅವಳಿಗೆ ಪಾಲಿರಬೇಕು.

ಪ್ರೀತಿಯಿಂದ,
ನಿನ್ನ ಅಕ್ಕ