ಉಪ್ಪುಗಾಳಿಯ ಊರಲ್ಲಿ ಬಿಗಿದುಕೊಂಡ ಸ್ಟೇರಿಂಗ್

ಮರವಂತೆಯನ್ನು ನೀವು ಫೋಟೊದಲ್ಲಾದರೂ ನೋಡಿರುತ್ತೀರಿ. ಕುಂದಾಪುರದಿಂದ ಬೈಂದೂರಿನ ಕಡೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಕೊಡಚಾದ್ರಿಯೂ ಕಾಣುತ್ತದೆ. ಪ್ರವಾಸಿಗರು ಕಾರು ನಿಲ್ಲಿಸಿ, ಸೆಲ್ಫಿ ತಗೊಂಡು ಹತ್ತು ನಿಮಿಷದಲ್ಲಿ ಹೊರಡ್ತಾರೆ. ಇಲ್ಲೇ ಬದುಕುವವರಿಗೆ ಗೊತ್ತಿರೋದು ಬೇರೆ ಮರವಂತೆ. ಕಿಟಕಿಯ ಸರಳು, ಗೇಟಿನ ಬಿಜಾಗರಿ, ಬಾವಿಯ ರಾಟೆ, ಯಾವುದನ್ನೂ ಬಿಡದೆ ತುಕ್ಕು ಹಿಡಿಸುವ ಊರು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ದಡದ ಕಲ್ಲಿಗೆ ಅಪ್ಪಳಿಸುವಾಗ ಏಳುವ ಹನಿ ಗಾಳಿಯಲ್ಲಿ ತೇಲಿ ಮನೆಯೊಳಗೂ ಬರುತ್ತದೆ.

ಆ ಗಾಳಿಯನ್ನೇ ಕುಡಿದು ನಿಂತಿರೋದು ನಮ್ಮ 2003ರ ಮಾರುತಿ 800. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಅಪ್ಪಯ್ಯ ಅದನ್ನು ಉಳಿಸಿಕೊಂಡಿದ್ದಾರೆ. ಅಮ್ಮನ ಮೊಣಕಾಲಿನ ಚಿಕಿತ್ಸೆಗೆ ವಾರಕ್ಕೊಮ್ಮೆ ಕುಂದಾಪುರಕ್ಕೆ ಹೋಗೋದು ಅದರಲ್ಲೇ. ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಸ್ಟೇರಿಂಗ್ ಎಷ್ಟು ಬಿಗಿಯಾಯ್ತು ಅಂದ್ರೆ, ತಿರುಗಿಸೋಕೆ ಎರಡೂ ಕೈಯ ಬಲ ಬೇಕು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೂ ಬರುತ್ತಿರಲಿಲ್ಲ. ಹೆದ್ದಾರಿಯಲ್ಲಿ ಇದು ಆಟವಲ್ಲ. ಅಪ್ಪಯ್ಯ ಕಾರು ಬಿಟ್ಟು ಆಟೊ ಹಿಡಿದರು. ಗುಜರಿಯವರು ಎರಡು ಸಲ ಬಂದು ರೇಟು ಕೇಳಿ ಹೋದರು. "ಅದ್ಕೂ ವಯ್ಸಾಯ್ತ್, ನಂಗೂ ವಯ್ಸಾಯ್ತ್" ಅಂತ ಅವರು ಫೋನಲ್ಲಿ ಹೇಳಿದಾಗ, ಮಾತು ಬರೀ ಕಾರಿನದ್ದಲ್ಲ ಅನ್ನಿಸಿತು. ದಸರಾ ರಜೆಗೆ ಬೆಂಗಳೂರಿನಿಂದ ಬಸ್ಸು ಹತ್ತಿದೆ.

ನನ್ನ ಕೆಲಸ ಸಾಫ್ಟ್‌ವೇರ್. ಬಗ್ ಎಲ್ಲಿದೆ ಅಂತ ತಿಳಿಯದಿದ್ದಾಗ ನಾವು ಮಾಡೋದು ಒಂದೇ, ವ್ಯವಸ್ಥೆಯನ್ನು ಅರ್ಧಕ್ಕೆ ಕತ್ತರಿಸಿ ದೋಷ ಯಾವ ಕಡೆ ಉಳಿಯಿತು ಅಂತ ನೋಡೋದು. ಮಾರುತಿ 800ದು ಪವರ್ ಇಲ್ಲದ ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್. ರ‍್ಯಾಕನ್ನೂ ಚಕ್ರವನ್ನೂ ಜೋಡಿಸೋದು ಟೈ ರಾಡ್ ಎಂಡ್. ಎರಡೂ ಬದಿ ಅದನ್ನು ಕಳಚಿದರೆ ಬಿಗಿ ಚಕ್ರದ ಕಡೆಯದೋ, ಸ್ಟೇರಿಂಗ್ ಕಡೆಯದೋ ಅಂತ ಗೊತ್ತಾಗುತ್ತೆ.

ಜಾಕಿ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಇಟ್ಟೆವು. ಬರೀ ಜಾಕಿ ನಂಬಿ ಕಾರಿನಡಿ ಯಾರೂ ಕೈ ಹಾಕಬಾರದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಅದಕ್ಕೇ ನಟ್ಟು, ಬೋಲ್ಟು ಬೆಸುಗೆ ಹಾಕಿದ ಹಾಗೆ ಕಚ್ಚಿಕೊಳ್ಳೋದು. ತಂತಿ ಬ್ರಷ್‌ನಲ್ಲಿ ಎಳೆಗಳನ್ನು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟೆವು. "ಬೆಂಕಿ ಕೊಡಿ, ಬತ್ತದೆ" ಅಂದರು ಪಕ್ಕದ ಮನೆಯವರು. ಹತ್ತಿರದಲ್ಲೇ ರ‍್ಯಾಕಿನ ರಬ್ಬರ್ ಬೂಟು, ಗ್ರೀಸು ಇದ್ದದ್ದರಿಂದ ಬೆಂಕಿ ಬೇಡ ಅಂದೆ.

ಬೆಳಿಗ್ಗೆ ಎಡಗಡೆಯದು ಸಲೀಸಾಗಿ ಬಂತು. ಬಲಗಡೆಯದು ಜಪ್ಪಯ್ಯ ಅಂದರೂ ಇಲ್ಲ. ಈ ಕೀಲಿನ ಕಡ್ಡಿ ಶಂಕುವಿನ ಆಕಾರದ್ದು. ಮೇಲಿಂದ ಬಡಿದರೆ ಎಳೆ ಹಾಳಾಗುತ್ತೆ ಅಷ್ಟೆ. ನಟ್ಟನ್ನು ನಾಲ್ಕು ಸುತ್ತು ಉಳಿಸಿ, ಅದು ಕೂತಿರುವ ತೋಳಿನ ಕಣ್ಣಿಗೆ ಒಂದು ಬದಿ ದೊಡ್ಡ ಸುತ್ತಿಗೆ ಒತ್ತಿ ಹಿಡಿದು, ಎದುರು ಬದಿ ಇನ್ನೊಂದರಿಂದ ಹೊಡೆಯಬೇಕು. ಒತ್ತಿ ಹಿಡಿದವರು ಅಪ್ಪಯ್ಯ. ಐದನೇ ಪೆಟ್ಟಿಗೆ 'ಟಕ್' ಅಂತ ಬಿಟ್ಟಿತು.

ಚಕ್ರಗಳು ಈಗ ಹಗುರವಾಗಿ ತಿರುಗಿದವು. ಸ್ಟೇರಿಂಗ್ ಮಾತ್ರ ಇನ್ನೂ ಬಿಗಿ! ಅಂದರೆ ಮುಖ್ಯ ದೋಷ ಮೇಲ್ಗಡೆ. ಸ್ಟೇರಿಂಗ್ ಕಂಬ ರ‍್ಯಾಕಿಗೆ ಸೇರುವಲ್ಲಿರುವ ಯುನಿವರ್ಸಲ್ ಜಾಯಿಂಟ್ ಕೆಂಪು ಪುಡಿ ಉದುರಿಸುತ್ತಿತ್ತು. ಅದಕ್ಕೂ ಎಣ್ಣೆ ಹಾಕುವುದು, ಅಪ್ಪಯ್ಯ ಸೀಟಲ್ಲಿ ಕೂತು ಆಚೆ ಈಚೆ ತಿರುಗಿಸುವುದು, ಮತ್ತೆ ಎಣ್ಣೆ. ಮಧ್ಯಾಹ್ನದೊಳಗೆ ಅವರು ಒಂದೇ ಕೈಯಲ್ಲಿ ತಿರುಗಿಸಿದರು. ಕೀಲು ಅಲ್ಲಾಡುತ್ತಿರಲಿಲ್ಲ. ಅಲ್ಲಾಡಿದ್ದರೆ ಬದಲಿಸದೆ ವಿಧಿಯಿರಲಿಲ್ಲ.

ಬೂಟು ಹರಿದಿದ್ದ ಹಳೆಯ ಎಂಡ್‌ಗಳನ್ನು ಬಿಚ್ಚುವಾಗ ಸುತ್ತು ಎಣಿಸಿ ಬರೆದಿಟ್ಟು, ಹೊಸದನ್ನು ಅಷ್ಟೇ ಸುತ್ತು ಹಾಕಿದೆವು. ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿದೆವು, ಹಳೆಯದನ್ನು ನೆಟ್ಟಗೆ ಮಾಡಿ ತೂರಿಸಬಾರದು. ಎಣಿಕೆ ಎಷ್ಟೇ ಸರಿಯಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಕುಂದಾಪುರದವರೆಗೆ ನಿಧಾನಕ್ಕೆ ಓಡಿಸಿ ಅದನ್ನೂ ಮುಗಿಸಿದೆವು. ಬರುವಾಗ ಸ್ಟೇರಿಂಗ್ ಅಪ್ಪಯ್ಯನ ಕೈಯಲ್ಲಿತ್ತು. ತಿರುವು ಮುಗಿದಾಗ ಅದು ತಾನಾಗಿ ನೇರಕ್ಕೆ ಬಂತು. ಅವರು ಏನೂ ಹೇಳಲಿಲ್ಲ, ತ್ರಾಸಿಯಲ್ಲಿ ನಿಲ್ಲಿಸಿ ಚಾ ಕುಡಿಸಿದರು.

ಕಡಲ ಬದಿಯಲ್ಲಿ ಹಳೆ ಕಾರು ಇಟ್ಟುಕೊಂಡವರಿಗೆ ಒಂದು ಮಾತು. ಮೈ ತೊಳೆದರೆ ಸಾಲದು, ವಾರಕ್ಕೊಮ್ಮೆ ಅಡಿಭಾಗಕ್ಕೂ ಸಿಹಿನೀರು ಬಿಡಿ. ಓಡಿಸುವ ಕೆಲಸ ಇಲ್ಲದಿದ್ದರೂ ಆಗಾಗ ಓಡಿಸಿ. ನಿಂತ ಕಾರಿಗೆ ತುಕ್ಕು ಬೇಗ.

ಕಳೆದ ಭಾನುವಾರ ಫೋನ್ ಮಾಡಿ ಅಪ್ಪಯ್ಯ ಎಲ್ಲಿ ಅಂತ ಕೇಳಿದೆ. "ಪೈಪ್ ಹಿಡ್ಕಂಡ್ ಕಾರಿನ ಅಡಿಗೆ ಬಗ್ಗಿದ್ರ್" ಅಂದರು ಅಮ್ಮ. ಗುಜರಿಯವರು ಮತ್ತೆ ಬಂದಿದ್ದರಂತೆ. ಈ ಸಲ ಅಪ್ಪಯ್ಯ ರೇಟು ಕೇಳುವುದಕ್ಕೂ ಬಿಡಲಿಲ್ಲವಂತೆ.