ಚಿಕ್ಕಪೇಟೆಯಲ್ಲಿ ಒಂದು ಕ್ರೀಮ್ ಚೀಲ

ಹೆಂಗಸರು ಚಿಕ್ಕಪೇಟೆಗೆ ಹೊರಟರು ಅಂದರೆ ಸೀರೆಗೇ ಎಂದು ಗಂಡಸರ ಲೆಕ್ಕ. ಕಳೆದ ಬುಧವಾರ ನಾನೂ ನನ್ನ ನಾದಿನಿಯೂ ತಿಪಟೂರಿನಲ್ಲಿ ಬೆಳಗಿನ ಗಾಡಿಗೆ ಹೊರಟಾಗ ನಮ್ಮವರು, "ಎಷ್ಟು ಸೀರೆಗೆ ಸಂಚು?" ಎಂದು ನಕ್ಕರು. "ಸೀರೆ ಅಲ್ಲಾರೀ, ಕೇಕಿನ ಮೇಲೆ ಹೂ ಬಿಡಿಸೋ ಚೀಲ" ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ವಿಷಯ ಇಷ್ಟು. ನಾದಿನಿಯ ಯಜಮಾನರು ಹೋಗಿ ಎರಡು ವರ್ಷವಾಯಿತು. ಮಗಳಿಗೆ ಪಿ.ಯು.ಸಿ. ಹೊಲಿಗೆ ಹಿಡಿದು ನೋಡಿದಳು, ಕಣ್ಣು ಕೈಕೊಟ್ಟಿತು. ಆದರೆ ಮೊಟ್ಟೆ ಹಾಕದೆ, ಕುಕ್ಕರಿನಲ್ಲೇ ಅವಳು ಮಾಡುವ ಕೇಕು ಹತ್ತಿಯ ಹಾಗೆ ಇರುತ್ತದೆ. ಪಕ್ಕದ ಬೀದಿಯವರು ಮಗುವಿನ ಹುಟ್ಟುಹಬ್ಬಕ್ಕೆಂದು 300 ರೂಪಾಯಿ ಮುಂಗಡ ಕೊಟ್ಟಿದ್ದರು. ಭಾನುವಾರಕ್ಕೆ ಒಂದು ಕೆ.ಜಿ., ಮೇಲೆ ಗುಲಾಬಿ, ಮಧ್ಯೆ ಹೆಸರು. ಅಭ್ಯಾಸಕ್ಕೆಂದು ದಿನಸಿ ಅಂಗಡಿಯ ತೆಳು ಕವರಿಗೆ ಕ್ರೀಮ್ ತುಂಬಿ ಹಿಂಡಿದಳು ನೋಡಿ, ಪಕ್ಕದ ಅಂಟು ಬಿಟ್ಟುಕೊಂಡು ಅರ್ಧ ಕ್ರೀಮ್ ಅವಳ ಸೀರೆಯ ಮೇಲೆ! ಅವಳು ಅಳಲಿಲ್ಲ. "ಮುಂಗಡ ವಾಪಸ್ ಕೊಟ್ಟುಬಿಡ್ತೀನಿ ಅತ್ತಿಗೆ" ಎಂದಳು. ಅತ್ತಿದ್ದರೇ ಚೆನ್ನಾಗಿತ್ತೇನೋ ಅನ್ನಿಸಿತು ನನಗೆ.

ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ ಹತ್ತಿದೆವು. 2017ರಲ್ಲಿ ನೆಲದಡಿಯ ಈ ದಾರಿ ತೆರೆದ ಮೇಲೆ ಚಿಕ್ಕಪೇಟೆ ಒಂದೇ ನಿಲ್ದಾಣದ ದೂರ. ಮೇಲೆ ಬಂದರೆ ಮಾತ್ರ ಅದೇ ಹಳೆಯ ಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದೆಂದು ಹೇಳುವ ಊರಿನ ನಡುಮಧ್ಯ ಇದು. ತಳ್ಳುಗಾಡಿ, ಹೊರೆ ಹೊತ್ತವರು, "ಸೈಡ್ ಸೈಡ್" ಎನ್ನುವ ಸ್ಕೂಟರುಗಳು. ಇಲ್ಲಿ ಒಂದೊಂದು ಪೇಟೆಗೂ ಒಂದೊಂದು ಸರಕು. ಸುಲ್ತಾನ್‌ಪೇಟೆಯಲ್ಲಿ ಕಾಗದ, ಲಗ್ನಪತ್ರಿಕೆ. ಬಳೇಪೇಟೆಯಲ್ಲಿ ವೀಣೆ, ತಬಲ. ಬಳೆ ಹುಡುಕಿಕೊಂಡು ಬಳೇಪೇಟೆಗೆ ಹೋದರೆ ಹಾರ್ಮೋನಿಯಂ ಸಿಕ್ಕೀತು!

ಕೇಳಿ ಕೇಳಿ ಕೇಕಿನ ಸಾಮಾನಿನ ಒಂದು ಅಂಗಡಿ ಹಿಡಿದೆವು. ಹುಡುಗ ನಮ್ಮನ್ನು ನೋಡಿದವನೇ ದೊಡ್ಡ ಡಬ್ಬಿ ತೆಗೆದ. ಸ್ಟೀಲಿನ 24 ನಾಝಲ್, ಸಿಲಿಕೋನ್ ಚೀಲ, ತಿರುಗುವ ಮಣೆ ಎಲ್ಲ ಸೇರಿ. "ತಗೊಳ್ಳಿ ಮೇಡಂ, ಲೈಫ್‌ಲಾಂಗ್ ಬರುತ್ತೆ." ನಾದಿನಿಯ ಪರ್ಸಿನಲ್ಲಿದ್ದದ್ದೇ 1000 ರೂಪಾಯಿ, ಅದರಲ್ಲೂ 300 ಆ ಮುಂಗಡ. ಡಬ್ಬಿ ತೆಗೆದುಕೊಂಡರೆ ಕ್ರೀಮಿಗೂ ಉಳಿಯುತ್ತಿರಲಿಲ್ಲ. ಅವಳ ಕೈ ಡಬ್ಬಿಯ ಮೇಲೇ ಇತ್ತು. ನಾನು ಮೆಲ್ಲಗೆ ಎತ್ತಿ ಆಚೆ ಇಟ್ಟೆ.

ಹುಡುಗ ಒಳ್ಳೆಯವನೇ. ಆಮೇಲೆ ಒಂದೊಂದಾಗಿ ತೋರಿಸಿದ. ಬಟ್ಟೆಯ ಚೀಲ ಗಟ್ಟಿ, ಹರಿಯುವುದಿಲ್ಲ, ವರ್ಷಗಟ್ಟಲೆ ಬರುತ್ತದೆ. ಕೊಳ್ಳುವ ಮುಂಚೆ ಒಳಗೆ ಕೈಹಾಕಿ ನೋಡಿ. ಹೊಲಿಗೆ ಹೊರಗಿದ್ದು ಒಳಗೆ ನುಣುಪಾಗಿರಬೇಕು, ಇಲ್ಲವಾದರೆ ಸಂದಿಯಲ್ಲಿ ಕ್ರೀಮ್ ಕೂತು ಮುಗ್ಗಲು ವಾಸನೆ ಬರುತ್ತದೆ. ಬಿಸಿನೀರು, ಸೋಪಿನಲ್ಲಿ ತೊಳೆದು ಲೋಟದ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಬೇಕು. ಸಿಲಿಕೋನ್ ಚೀಲವನ್ನು ಕುದಿಯುವ ನೀರಿಗೇ ಹಾಕಬಹುದು. ಆದರೆ ಜಿಡ್ಡಿನ ಕೈಗೆ ಜಾರುತ್ತದೆ, ನನಗೆ ಹಿಡಿಸಲಿಲ್ಲ. ಬಿಸಾಡುವ ಪ್ಲಾಸ್ಟಿಕ್ ಚೀಲ ನಾಲ್ಕು ಬಣ್ಣ ಬೇಕಾದಾಗ ಅನುಕೂಲ. ಅಳತೆಯಲ್ಲಿ 12 ಇಂಚಿನದು ಮನೆಗೆ ಸಾಕು. ಅಗ್ಗವೆಂದು 18 ಇಂಚಿನದು ತಂದು ಪೂರ್ತಿ ತುಂಬಿದರೆ ಹಿಂಡುವುದೇ ಕಷ್ಟ, ಅಂಗೈ ಶಾಖಕ್ಕೆ ಕ್ರೀಮೂ ನೀರಾಗುತ್ತದೆ. ಯಾವ ಚೀಲವನ್ನೂ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಕೊನೆಗೆ ಕೊಂಡದ್ದು 12 ಇಂಚಿನ ಒಂದು ಬಟ್ಟೆ ಚೀಲ, ಒಂದು ಕಪ್ಲರ್, ಎರಡೇ ನಾಝಲ್. 1ಎಂ ಎನ್ನುವ ನಕ್ಷತ್ರದ್ದು, ಮತ್ತು ಬರೆಯಲು 2ನೇ ನಂಬರಿನದು. ಕಪ್ಲರ್ ಇದ್ದರೆ ತುಂಬಿದ ಚೀಲ ಬಿಚ್ಚದೆ ಸಣ್ಣ ನಾಝಲುಗಳನ್ನು ಬದಲಿಸಬಹುದು. ದೊಡ್ಡ 1ಎಂ ಅದಕ್ಕೆ ಕೂರುವುದಿಲ್ಲ, ನೇರ ಚೀಲದೊಳಗೇ ಇಳಿಸಬೇಕು. ಆ 1ಎಂ ಒಂದರಲ್ಲೇ ಮಧ್ಯದಿಂದ ಹೊರಕ್ಕೆ ಸುತ್ತಿದರೆ ಗುಲಾಬಿ, ಒತ್ತಿ ಎತ್ತಿದರೆ ಚುಕ್ಕಿ, ಸಾಲಾಗಿ ಎಳೆದರೆ ಅಂಚು.

ಸುಲ್ತಾನ್‌ಪೇಟೆಗೆ ಹೋಗಿ ಬಟರ್ ಪೇಪರ್ ತೆಗೆದುಕೊಂಡೆವು. ನನ್ನ ಮಟ್ಟಿಗೆ ದಿನದ ಲಾಭ ಅದೇ. ಚೌಕದ ಹಾಳೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ಸಿಗುವ ತ್ರಿಕೋನದ ಉದ್ದ ಬದಿಯ ನಡುಭಾಗವೇ ತುದಿ. ಎರಡು ಕಿವಿಗಳನ್ನು ಸುತ್ತಿ ತಂದು, ಕಡಲೆಕಾಯಿ ಪೊಟ್ಟಣದ ಹಾಗೆ ಮಾಡಿ ಮೇಲಂಚು ಒಳಕ್ಕೆ ಮಡಚಿದರೆ ಆಯಿತು. ತುದಿ ಸೂಜಿಯಷ್ಟು ಕತ್ತರಿಸಿದರೆ ಹೆಸರು ಬರೆಯಬಹುದು, ಇಕ್ಕುಳದ ಬಾಯಿಯಂತೆ ಕತ್ತರಿಸಿದರೆ ಎಲೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಕಾಗದ ಮೆತ್ತಗಾಗುತ್ತದೆ, ಮೂರು ನಾಲ್ಕು ಮೊದಲೇ ಮಾಡಿಟ್ಟುಕೊಳ್ಳಿ. ಮದುವೆ ಮನೆಯ ಮೆಹಂದಿ ಕೋನ್ ಸುತ್ತಿದ ಕೈಗೆ ಇದೇನು ಮಹಾ!

ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ ತಿನ್ನುವಾಗ ನಾದಿನಿ ಕೇಳಿದಳು: "ಅತ್ತಿಗೆ, ಜಹಾಂಗೀರು ಬಿಡ್ತಾರಲ್ಲ, ಆ ತೂತಿನ ಬಟ್ಟೆ ಆಗಲ್ವಾ?" ನಮ್ಮಮ್ಮ ದೀಪಾವಳಿಗೆ ದಪ್ಪ ಬಟ್ಟೆಗೆ ತೂತು ಮಾಡಿ, ಕಾಜಾ ಹೊಲಿದು, ಉದ್ದಿನ ಹಿಟ್ಟು ಹಿಂಡುತ್ತಿದ್ದುದು ಕಣ್ಣಮುಂದೆ ಬಂತು. ಆದರೆ ಕ್ರೀಮಿಗೆ ಬರಿಯ ಬಟ್ಟೆ ಆಗದು, ಜಿಡ್ಡು ಹೊರಕ್ಕೆ ಇಳಿಯುತ್ತದೆ. ಚಕ್ಕುಲಿ ಒರಳೂ ಬೇಡ, ಒತ್ತಿದರೆ ನೊರೆ ಕುಸಿಯುತ್ತದೆ. ಬೆಣ್ಣೆ ಬಿಸ್ಕತ್ತಿನ ಹಿಟ್ಟಿಗೆ ಮಾತ್ರ ಅದರ ನಕ್ಷತ್ರದ ಬಿಲ್ಲೆ ಬಲು ಚೆಂದ.

ಊರಿಗೆ ಬಂದ ಮೇಲೆ ಹಾಲಿನ ಕವರನ್ನೂ ಪರೀಕ್ಷಿಸಿದೆವು. ಅದು ಆಹಾರಕ್ಕೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್, ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಸೋಪು ಹಾಕಿ ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ, ಕೆಳಗಿನ ಒಂದು ಮೂಲೆ ಕತ್ತರಿಸಿ ಒಳಗಿನಿಂದ ನಾಝಲ್ ಇಳಿಸಬೇಕು. ಅಕ್ಷರ ಅಚ್ಚಾದ ಮೈ ಹೊರಗೇ ಇರಲಿ, ಮಗುಚಿದರೆ ಶಾಯಿ ಕ್ರೀಮಿಗೆ ತಾಗುತ್ತದೆ. ಕವರನ್ನು ಎತ್ತರದ ಲೋಟದೊಳಗಿಟ್ಟು ಬಾಯಿ ಅಂಚಿಗೆ ಮಡಚಿದರೆ ತುಂಬಲು ಎರಡನೆಯವರು ಬೇಕಿಲ್ಲ. ತರಕಾರಿಯ ಕಪ್ಪು, ಬಣ್ಣದ ಕವರುಗಳನ್ನು ಮಾತ್ರ ಮುಟ್ಟಬೇಡಿ.

ಗುರುವಾರ, ಶುಕ್ರವಾರ ಕ್ರೀಮ್ ದಂಡ ಮಾಡದೆ, ಹಾಲಿನ ಕವರಿಗೆ ಆಲೂಗೆಡ್ಡೆ ಬೇಯಿಸಿ ನುಣ್ಣಗೆ ಅರೆದು ತುಂಬಿ, ಸ್ಟೀಲ್ ತಟ್ಟೆಯ ಬೆನ್ನ ಮೇಲೆ ಗುಲಾಬಿ ಬಿಟ್ಟಳು. ಕೆರೆದು ತೆಗೆದಳು, ಮತ್ತೆ ಬಿಟ್ಟಳು. ಎರಡು ರಾತ್ರಿ ಮನೆಯವರಿಗೆಲ್ಲ ಆಲೂ ಪಲ್ಯ.

ಭಾನುವಾರ ಸಂಜೆ ಕೇಕು ಹೋಯಿತು. ಒಂದು ಗುಲಾಬಿ ಕೊಂಚ ವಾಲಿತ್ತು. ನಾಲ್ಕಕ್ಷರದ ಹೆಸರಿನಲ್ಲಿ ಕೊನೆಯ ಅಕ್ಷರ ಅಂಚಿಗೆ ಒತ್ತರಿಸಿತ್ತು. ಬಾಕಿ ಹಣ ಕೊಡಲು ಬಂದ ಆ ತಾಯಿ ಅದನ್ನು ಗಮನಿಸಿದಂತೆ ಕಾಣಲಿಲ್ಲ, ಮುಂದಿನ ತಿಂಗಳು ಮಾವನವರ ಎಪ್ಪತ್ತಕ್ಕೆ ಎರಡು ಕೆ.ಜಿ. ಆಗುತ್ತದೆಯೇ ಎಂದಷ್ಟೇ ಕೇಳಿದರು. ನಾದಿನಿ ಹೂಂ ಅಂದು ಒಳಗೆ ಬಂದವಳೇ ಚೀಲವನ್ನು ಬಿಸಿನೀರಿಗೆ ಹಾಕಿದಳು.